ಲೋಪ್ಪೆಯ ಉಗುರು, ಡಾಗ್ನಿ ಅಜ್ಜಿಯ ಬಾವುಟ

ಐನಾರ್ ಕೋಲ್ಬೆಕ್ ಒಳ್ಳೆಯ ಮನುಷ್ಯ. ನಮ್ಮ ದ್ವೀಪದಲ್ಲಿ ಯಾರು ಅವನ ವಿಷಯ ಎತ್ತಿದರೂ ಈ ಮಾತಿನಿಂದಲೇ ಶುರು ಮಾಡುತ್ತಾರೆ. ಆಮೇಲೆ ಒಂದು ಉಸಿರು ಎಳೆದುಕೊಂಡು "ಆದರೆ" ಅನ್ನುತ್ತಾರೆ. ನಾನು ಇಪ್ಪತ್ತೆಂಟು ವರ್ಷದಿಂದ ಅವನ ಪಕ್ಕದ ಮನೆಯವನು. ನಮ್ಮಿಬ್ಬರ ನಡುವೆ ಆಳೆತ್ತರಕ್ಕಿಂತ ತುಸು ಹೆಚ್ಚಿನ ಹಸಿರು ಬೇಲಿಯೊಂದಿದೆ. ಆದ್ದರಿಂದ ಆ "ಆದರೆ"ಯ ಮುಂದಿನ ಭಾಗ ಹೇಳುವ ಹಕ್ಕು ಊರಿನಲ್ಲಿ ಬೇರೆಯವರಿಗಿಂತ ನನಗೆ ಹೆಚ್ಚು.

ಮೂವತ್ತೈದು ವರ್ಷ ಫೆರಿ ಹಡಗಿನಲ್ಲಿ ಹಗ್ಗ ಕಟ್ಟಿ ಬಿಚ್ಚಿ ಐನಾರ್ ನಿವೃತ್ತನಾದ. ನಿವೃತ್ತನಾದ ಗಂಡಸಿಗೆ ಒಂದು ನಾಯಿ ಬೇಕು, ಒಂದು ಸಿದ್ಧಾಂತ ಬೇಕು. ನಾಯಿ ಲೋಪ್ಪೆ. ಲೋಪ್ಪೆ ಅಂದರೆ ಚಿಗಟ. ಹೆಸರಿಟ್ಟವರು ಯೋಚನೆ ಮಾಡಿಯೇ ಇಟ್ಟಿದ್ದರು. ಬಿಳಿ ಮೈ, ಕಂದು ಕಿವಿ, ಮೊಣಕಾಲೆತ್ತರದ ಆ ಹೆಣ್ಣುನಾಯಿ ನಿಂತದ್ದನ್ನು ನಾನು ನೋಡಿದ್ದು ಎರಡೇ ಸಲ, ಎರಡು ಸಲವೂ ಅದು ಸೀನುತ್ತಿತ್ತು. ಸಿದ್ಧಾಂತ ಏನೆಂದರೆ, ನಾಯಿಯ ಉಗುರಿಗೆ ಮನುಷ್ಯ ಕೈ ಹಚ್ಚಬಾರದು, ಅದನ್ನು ಪ್ರಕೃತಿಯೇ ನೋಡಿಕೊಳ್ಳುತ್ತದೆ. ಪ್ರಕೃತಿಗೆ ನೆರವಾಗಲೆಂದು ಐನಾರ್ ದಿನಾ ಬೆಳಿಗ್ಗೆ ಸೈಕಲ್ ಹತ್ತಿ, ಲೋಪ್ಪೆಯನ್ನು ಹಗ್ಗದಲ್ಲಿ ಕಟ್ಟಿಕೊಂಡು, ಡಾಂಬರು ರಸ್ತೆಯಲ್ಲಿ ದೀಪಸ್ತಂಭದವರೆಗೆ ಹೋಗಿ ಬರುತ್ತಿದ್ದ. ಹದಿನಾಲ್ಕು ಕಿಲೋಮೀಟರು.

ಇಷ್ಟಕ್ಕೆ ಸುಮ್ಮನಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಎದುರುಮನೆಯ ಯೂಟೆ ತನ್ನ ಪೂಡಲ್ ನಾಯಿಯನ್ನು ತಿಂಗಳಿಗೊಮ್ಮೆ ಉಗುರು ಕತ್ತರಿಸಲು ಪೇಟೆಗೆ ಕರೆದೊಯ್ಯುತ್ತಾಳೆ. ಐನಾರ್ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಅವಳನ್ನು ತಡೆದು ಕೇಳಿದ್ದ.

"ಏನ್ ಯೂಟೆ, ಕೂಸಿಗೆ ಬರೀ ಉಗುರೋ, ಬಣ್ಣಾನೂ ಹಚ್ಚಿಸ್ತೀಯೋ?"

"ನಿನ್ನ ನಾಯಿ ಉಗುರು ನೀನು ನೋಡ್ಕೊ, ಐನಾರ್."

"ನಾನ್ಯಾಕೆ ನೋಡ್ಲಿ? ತೋಳಕ್ಕೆ ಯಾರು ಉಗುರು ಕತ್ತರಿಸ್ತಾರೆ ಹೇಳು ನೋಡೋಣ!"

ಯೂಟೆ ಉತ್ತರ ಕೊಡಲಿಲ್ಲ. ಉತ್ತರ ಕೊಡದ ಹೆಂಗಸಿಗೆ ನೆನಪು ಚೆನ್ನಾಗಿರುತ್ತದೆ ಅನ್ನುವುದನ್ನು ಐನಾರ್ ತಿಳಿದಿರಲಿಲ್ಲ.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಡಾಗ್ನಿ ಅಜ್ಜಿಯ ನೆಲದ ಮೇಲೆ ರಕ್ತದ ಚುಕ್ಕೆಗಳು ಕಾಣಿಸಿದವು. ಡಾಗ್ನಿ ಅಜ್ಜಿ ಐನಾರನ ಅತ್ತೆ, ಅವನ ಹೆಂಡತಿ ಬಿರ್ಟೆಯ ತಾಯಿ. ಮನೆ ಅಜ್ಜಿಯದು, ನೆಲವೂ ಅಜ್ಜಿಯದು. ಸೋಪು ಹಾಕಿ ಅರವತ್ತು ವರ್ಷ ಉಜ್ಜಿ ಹಾಲಿನಂತೆ ಬೆಳ್ಳಗಾದ ಹಲಗೆಯ ನೆಲ ಅದು. ಅದರ ಮೇಲೆ ನಮ್ಮಂಥವರು ಕಾಲಿಡುವಾಗ ಉಸಿರನ್ನೂ ಹಗುರ ಮಾಡಿಕೊಳ್ಳುತ್ತೇವೆ. ಅಜ್ಜಿ ನಲವತ್ತು ವರ್ಷ ಫೆರಿ ಕಟ್ಟೆಯ ಕಾಫಿ ಅಂಗಡಿ ನಡೆಸಿದವಳು. ಅವಳ ಕಾಫಿ ಕಹಿ, ಮಾತು ಅದಕ್ಕಿಂತ ಕಹಿ ಎಂದು ಹೆಸರಾಗಿತ್ತು.

ಪೇಟೆಯ ಪಶುವೈದ್ಯೆ ಲೋಪ್ಪೆಯ ಹಿಂಗಾಲು ಎತ್ತಿ ನೋಡಿ ಐನಾರನನ್ನು ಕನ್ನಡಕದ ಮೇಲಿಂದ ನೋಡಿದಳಂತೆ.

"ಓಡಿದ್ದಕ್ಕಲ್ಲ, ಎಳೆದಿದ್ದಕ್ಕೆ. ಸೈಕಲ್‌ಗಿಂತ ಮುಂದೆ ಹೋಗ್ಬೇಕು ಅಂತ ಇದು ಹಿಂಗಾಲು ಊರಿ ಜಗ್ಗುತ್ತೆ, ಉಗುರು ಡಾಂಬರಿಗೆ ಉಜ್ಜುತ್ತೆ. ನಡುವಿನ ಎರಡು ಉಗುರು ಬುಡದ ತನಕ ಸವೆದಿದೆ. ಉಗುರು ಅಂದ್ರೆ ಬೂಟಿನ ಅಟ್ಟೆ ಅಲ್ಲಪ್ಪ, ಒಳಗೆ ಜೀವ ಇದೆ. ಮೂರು ವಾರ ಡಾಂಬರು ಮುಟ್ಟಿಸ್ಬೇಡ. ಹುಲ್ಲು, ಮರಳು, ಅಷ್ಟೇ. ಗಟ್ಟಿ ನೆಲಕ್ಕೆ ಇಳಿಸ್ಲೇಬೇಕು ಅಂದ್ರೆ ಬೂಟು ಹಾಕು."

ಐನಾರ್ ಮನೆಗೆ ಬಂದು ಇದನ್ನು ಹೇಳುವ ಮೊದಲೇ ಅಜ್ಜಿ ತನ್ನ ತೀರ್ಪು ಹೇಳಿ ಮುಗಿಸಿದ್ದಳು.

"ನನ್ನ ನೆಲದ ಮೇಲೆ ಇನ್ನೊಂದು ಹನಿ ರಕ್ತ ಬಿದ್ರೆ ಆ ನಾಯಿ ಸಮುದ್ರದಾಚೆ ಯೂಟ್‌ಲ್ಯಾಂಡಿಗೆ ಹೋಗುತ್ತೆ. ನನ್ನ ಮಗನ ಹೊಲದಲ್ಲಿ ಬೇಕಾದಷ್ಟು ಮಣ್ಣಿದೆ, ಓಡ್ಕೊಂಡಿರ್ಲಿ. ಒಂದೇ ಹನಿ, ಐನಾರ್."

ಇದನ್ನು ಕೇಳಿ ನನಗೆ ನಗು ಬರಲಿಲ್ಲ. ಬೇಲಿಯ ಈಚೆಯಿಂದ ನಾನು ದಿನಾ ಕೇಳುತ್ತಿದ್ದೆ: ಐನಾರ್ ಹೆಂಡತಿಯ ಹತ್ತಿರ ಹವಾಮಾನದ ವಿಷಯ ಮಾತ್ರ ಮಾತಾಡುತ್ತಿದ್ದ, ಅತ್ತೆಯ ಹತ್ತಿರ ಅದೂ ಇಲ್ಲ, ಮಿಕ್ಕಿದ್ದೆಲ್ಲ ಲೋಪ್ಪೆಯ ಹತ್ತಿರ. ಹಡಗಿನ ಹಳೆಯ ವೇಳಾಪಟ್ಟಿ, ಸತ್ತುಹೋದ ಗೆಳೆಯರು, ಮೊಣಕಾಲಿನ ನೋವು, ಎಲ್ಲ. ಆ ನಾಯಿ ಹೋದರೆ ಈ ಮನುಷ್ಯ ಮಾತಾಡುವುದನ್ನೇ ಬಿಟ್ಟುಬಿಡುತ್ತಾನೆ ಎಂದು ನನಗೆ ನಿಜವಾಗಿ ಭಯವಾಗಿತ್ತು.

ಐನಾರ್ ನಾಲ್ಕು ಕೆಂಪು ಬೂಟು ತರಿಸಿದ. ಬೂಟು ಹಾಕಿದ ಲೋಪ್ಪೆ ಕೆಸರಿನಲ್ಲಿ ನಡೆಯುವ ಕೊಕ್ಕರೆಯಂತೆ ಒಂದೊಂದೇ ಕಾಲು ಎತ್ತಿ ಇಡುತ್ತಾ ರಸ್ತೆಗೆ ಬಂದಾಗ ಯೂಟೆ ತನ್ನ ಗೇಟಿನ ಹತ್ತಿರವೇ ನಿಂತಿದ್ದಳು. ಎಷ್ಟು ದಿನದಿಂದ ನಿಂತಿದ್ದಳೋ.

"ಓಹೋ! ಪ್ರಕೃತಿ ಈಗ ಬೂಟು ಹಾಕ್ಕೊಂಡು ಓಡಾಡುತ್ತಾ, ಐನಾರ್?"

"ಇದು... ಇದು ಚಳಿಗೆ."

"ತೋಳಕ್ಕೂ ಚಳಿ ಆಗುತ್ತಾ?"

ಬೂಟುಗಳ ಆಯುಷ್ಯ ಕಡಿಮೆಯಿತ್ತು. ಒಂದು ಬಂದರಿನ ನೀರಿಗೆ ಬಿತ್ತು, ಒಂದನ್ನು ಲೋಪ್ಪೆ ತಿಂದಿತು, ಒಂದನ್ನು ನನ್ನ ಆಲೂಗೆಡ್ಡೆ ಮಡಿಯಲ್ಲಿ ಹೂತಿಟ್ಟಿತು. ಉಳಿದದ್ದನ್ನು ಐನಾರನೇ ಬಿಚ್ಚಿಟ್ಟ. ಅಂದಿನಿಂದ ಅವನು ನಾಯಿಯನ್ನು ತೋಟದ ತಳ್ಳುಗಾಡಿಯಲ್ಲಿ ಕೂರಿಸಿ, ಮೇಲೆ ಗೋಣಿಚೀಲ ಮುಚ್ಚಿ, ಡಾಂಬರು ದಾಟಿಸಿ ಸಮುದ್ರದ ಮರಳಿಗೆ ಒಯ್ಯತೊಡಗಿದ. ಯಾರಾದರೂ ಎದುರಾದರೆ "ಗೊಬ್ಬರ" ಅನ್ನುತ್ತಿದ್ದ. ಗೊಬ್ಬರ ಬೊಗಳುತ್ತಿತ್ತು. ಹೀಗೆ ಹತ್ತೊಂಬತ್ತು ದಿನ ಕಳೆದವು. ಸೋಮವಾರ ವೈದ್ಯೆ ನೋಡುವವಳಿದ್ದಳು, ಅಷ್ಟರಲ್ಲಿ ಶನಿವಾರ ಬಂತು. ಶನಿವಾರ ಡಾಗ್ನಿ ಅಜ್ಜಿಗೆ ತೊಂಬತ್ತು ತುಂಬುವ ದಿನ.

ಬಾವುಟದ ವಿಷಯ ಇಲ್ಲಿ ಹೇಳಬೇಕು. ನಾವು ಡೆನ್ಮಾರ್ಕಿನ ಜನ; ಮನೆಗೊಂದು ಕಂಬ, ಕಂಬಕ್ಕೊಂದು ಬಾವುಟ. ಹುಟ್ಟುಹಬ್ಬಕ್ಕೆ ಬಾವುಟ ತುದಿಗೆ ಏರುತ್ತದೆ. ಮನೆಯಲ್ಲಿ ಸಾವಾದರೆ ಅರ್ಧಕ್ಕೆ ಇಳಿಯುತ್ತದೆ, ಮಣ್ಣು ಮಾಡಿ ಬಂದ ಮೇಲೆ ಮತ್ತೆ ತುದಿಗೆ. ಅಕ್ಕಪಕ್ಕದವರೂ ತಮ್ಮ ಬಾವುಟದಲ್ಲಿ ಅದನ್ನೇ ಹೇಳುವುದು ಮರ್ಯಾದೆ. ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಆಡಲು ನಾಚುವ ಜನರಿಗೆ ಇಷ್ಟಾದರೂ ಒಂದು ಸೌಕರ್ಯ ಬೇಕಲ್ಲ.

ಆ ಶನಿವಾರ ಬೆಳಿಗ್ಗೆ ಎಂಟಕ್ಕೆ ಬಿರ್ಟೆ ಬಾವುಟ ಏರಿಸಿದಳು. ಅಜ್ಜಿಯ ತೊಂಬತ್ತಕ್ಕೆಂದು ಬೀದಿಯವರೆಲ್ಲ ಏರಿಸಿದೆವು. ಎರಡು ಗಂಟೆಗೆ ಕಾಫಿ, ಕೇಕು. ಅಜ್ಜಿ ತಿಂಡಿ ತಿಂದು, ಸಂಜೆಯವರೆಗೆ ತಾಕತ್ತು ಬೇಕೆಂದು ಮಹಡಿಯ ಕೋಣೆಯಲ್ಲಿ ಕಿಟಕಿ ತೆರೆದಿಟ್ಟು ಮಲಗಿದಳು. ಮನೆಯೊಳಗೆ ಲೋಪ್ಪೆ ಬಾಗಿಲು ಕೆರೆಯಹತ್ತಿತು. ಬಾಗಿಲು ಕೆರೆದರೂ ಉಗುರು ಸವೆಯುತ್ತದೆ. ಹೊರಗೆ ಬಿಟ್ಟರೆ ಇಟ್ಟಿಗೆ ದಾರಿ, ಅದರಾಚೆ ಡಾಂಬರು. ಹುಲ್ಲು ಇರುವುದು ನಡುತೋಟದಲ್ಲಿ ಮಾತ್ರ, ಹುಲ್ಲಿನ ನಡುವೆ ಇರುವುದು ಬಾವುಟದ ಕಂಬ ಮಾತ್ರ, ಕೈಗೆ ಸಿಕ್ಕ ಉದ್ದನೆಯ ಹಗ್ಗ ಕಂಬಕ್ಕೆ ಸುತ್ತಿದ್ದ ಬಾವುಟದ ಹಗ್ಗ ಮಾತ್ರ.

ಮೂವತ್ತೈದು ವರ್ಷ ಹಗ್ಗ ಕಟ್ಟಿದವನು ಹಗ್ಗ ಕಂಡರೆ ಅದರ ತುದಿ ನೋಡುತ್ತಾನೆಯೇ ಹೊರತು ಇನ್ನೊಂದು ತುದಿಯಲ್ಲಿ ಏನಿದೆ ಎಂದು ನೋಡುವುದಿಲ್ಲ. ಐನಾರ್ ಹಗ್ಗವನ್ನು ಕಂಬದಿಂದ ಬಿಚ್ಚಿ, ನಾಯಿಯ ಎದೆಪಟ್ಟಿಗೆ ಬಿಗಿದು, ಅದು ಹುಲ್ಲಿನ ಅಂಚು ದಾಟದಷ್ಟು ಅಳೆದು ನೋಡಿ, ತನ್ನ ಬುದ್ಧಿಗೆ ತಾನೇ ತಲೆದೂಗಿ ಕೆನೆ ಕಡೆಯಲು ಒಳಗೆ ಹೋದ.

ಬಾವಿಯ ರಾಟೆ ಗೊತ್ತಿದ್ದವರಿಗೆ ಮುಂದಿನದು ಗೊತ್ತಾಗಿರಬೇಕು; ಕಂಬದ ತುದಿಯಲ್ಲೂ ಅಂಥದೇ ಒಂದು ರಾಟೆ. ಲೋಪ್ಪೆ ಬೇಲಿಯ ಕಡೆ ಓಡಿದರೆ ಹಗ್ಗ ಎಳೆದು ಬಾವುಟ ಮೇಲೆ. ಲೋಪ್ಪೆ ಕಂಬದ ಕಡೆ ಬಂದರೆ ಹಗ್ಗ ಸಡಿಲಿ, ಇಬ್ಬನಿಯಲ್ಲಿ ನೆಂದು ಭಾರವಾದ ಬಾವುಟ ನಿಧಾನವಾಗಿ ಕೆಳಗೆ.

ಬೇಲಿಯಾಚೆ ನಮಗೆ ನಾಯಿ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಕಂಬದ ಮೇಲ್ಭಾಗ ಮಾತ್ರ.

ಹನ್ನೊಂದಕ್ಕೆ ನನ್ನ ಹೆಂಡತಿ ಗೆರ್ಡಾ ಅಡುಗೆಮನೆಯ ಕಿಟಕಿಯಿಂದ ಕೂಗಿದಳು. "ಪೌಲ್! ಡಾಗ್ನಿಯವರ ಬಾವುಟ ಅರ್ಧಕ್ಕಿದೆ!"

ನಾನು ಬಂದು ನೋಡಿದೆ. ಅರ್ಧಕ್ಕಿತ್ತು.

"ಅಯ್ಯೋ ದೇವರೇ. ಹುಟ್ಟಿದ ದಿನಾನೇ..." ಎಂದು ಗೆರ್ಡಾ ಕೈಯಲ್ಲಿದ್ದ ಹೂಗುಚ್ಛ ನೋಡಿದಳು. "ಇದಕ್ಕೆ ಕೆಂಪು ರಿಬ್ಬನ್ ಕಟ್ಟಿದ್ದೀನಲ್ರೀ. ಬಿಚ್ಚಲಾ?"

"ಫೋನ್ ಮಾಡಿ ಕೇಳೋಣ್ವಾ?"

"ಏನಂತ? ನಿಮ್ಮಮ್ಮ ನಿಜವಾಗಿ ಸತ್ತ್ರಾ ಅಂತಲಾ? ಹೋಗಿ, ಬಾವುಟ ಇಳಿಸಿ."

ಇಳಿಸಿದೆ. ಯೂಟೆ ಇಳಿಸಿದಳು. ಹತ್ತು ನಿಮಿಷದಲ್ಲಿ ಬೀದಿಯ ಹನ್ನೆರಡು ಬಾವುಟವೂ ಅರ್ಧಕ್ಕೆ ಬಂದವು. ನಾನು ಕಪ್ಪು ಕೋಟು ಹಾಕಿಕೊಂಡು, ಟೋಪಿ ಕೈಯಲ್ಲಿ ಹಿಡಿದು ಅಂಗಳದಲ್ಲಿ ನಿಂತಿದ್ದಾಗ ಅಜ್ಜಿಯ ಬಾವುಟ ಸರ್ರನೆ ತುದಿಗೆ ಏರಿತು.

ಯೂಟೆ ರಸ್ತೆಯಾಚೆಯಿಂದ ಪಿಸುದನಿಯಲ್ಲಿ ಕೂಗಿದಳು. "ಪೌಲ್! ಇದೇನು, ಮಣ್ಣೂ ಆಗೋಯ್ತಾ?"

"ಅರ್ಧ ಗಂಟೆ ಒಳಗೇನಾ?"

"ಹಂಗಾದ್ರೆ ಉಸಿರು ವಾಪಸ್ ಬಂದಿರ್ಬೇಕು. ಗಟ್ಟಿ ಜೀವ ಅದು. ಏರಿಸು, ಏರಿಸು!"

ಏರಿಸಿದೆವು. ಗೆರ್ಡಾ ರಿಬ್ಬನ್ ಮತ್ತೆ ಕಟ್ಟಿದಳು. ಅಷ್ಟರಲ್ಲಿ ಬಾವುಟ ಇಳಿಯಿತು. ಬೀದಿ ಇಳಿಯಿತು. ಬಾವುಟ ಏರಿತು. ಬೀದಿ ಏರಿತು. ಒಬ್ಬ ಮುದುಕಿಯ ಪ್ರಾಣ ಹೋಗಿ ಬಂದು ಮಾಡುವುದಕ್ಕೆ ತಕ್ಕಂತೆ ಹನ್ನೆರಡು ಮನೆಯವರು ಹಗ್ಗ ಜಗ್ಗಿ ಬಿಟ್ಟು ಬೆವರಿದೆವು. ಅಂಚಿನ ಮನೆಯವನು ತನ್ನ ಸೊಂಟ ಹಿಡಿದುಕೊಂಡು, "ಏನಾದ್ರೂ ಒಂದು ತೀರ್ಮಾನ ಮಾಡ್ಕೊಳ್ಳಿ ಅಂತ ಯಾರಾದ್ರೂ ಹೇಳ್ರಪ್ಪ" ಎಂದ. ಆಮೇಲೆ ಆ ಮಾತಿಗೆ ತಾನೇ ನಾಚಿಕೊಂಡ.

ಹನ್ನೆರಡೂವರೆಗೆ, ಬಾವುಟಗಳೆಲ್ಲ ಮತ್ತೆ ಅರ್ಧಕ್ಕಿಳಿದಿದ್ದಾಗ, ಸೈಕಲ್ಲಿನ ಮೇಲೆ ನಮ್ಮ ಚರ್ಚಿನ ಮರೆನ್ ಬಂದಳು. ಅವಳನ್ನು ಎಲ್ಲರೂ ಪಾದ್ರಿಯಮ್ಮ ಅನ್ನುತ್ತೇವೆ. ಅವಳನ್ನು ಮುಂದಿಟ್ಟುಕೊಂಡು ನಾನು, ಗೆರ್ಡಾ, ಯೂಟೆ ಮತ್ತು ಬೀದಿಯ ಏಳೆಂಟು ಜನ ಐನಾರನ ಮನೆ ಮುಂದೆ ಸೇರಿದೆವು. ಸೈಕಲ್ ಒಳಗಿಡಲು ಪಾದ್ರಿಯಮ್ಮ ತೋಟದ ಗೇಟು ತೆರೆದಳು, ಮುಚ್ಚಲು ಮರೆತಳು; ಪೊದೆಯ ಮರೆಯಲ್ಲಿ ಮಲಗಿದ್ದ ಲೋಪ್ಪೆ ಯಾರ ಕಣ್ಣಿಗೂ ಬೀಳಲಿಲ್ಲ. ಬಾಗಿಲು ತಟ್ಟಲು ಯಾರಿಗೂ ಧೈರ್ಯವಿಲ್ಲ. ಮಹಡಿಯ ಕಿಟಕಿಯ ಕೆಳಗೆ ನಿಂತು ಎಲ್ಲರೂ ಮೆಲ್ಲಗೆ ಮಾತಾಡತೊಡಗಿದೆವು. ಸಾವಿನ ಮನೆಯ ಮುಂದೆ ಆಡುವ ಮಾತು ಬೇರೆಯೇ.

"ನನ್ನ ಗಂಡ ತೀರ್ಕೊಂಡಾಗ," ಎಂದಳು ಯೂಟೆ, "ಡಾಗ್ನಿಯವರು ಒಂದು ತಿಂಗಳು ದಿನಾ ಮಧ್ಯಾಹ್ನ ಬಂದು ನನ್ನೆದುರು ಕೂತು ಕಾಲುಚೀಲ ಹೆಣೀತಿದ್ರು. ಒಂದು ಮಾತಾಡ್ಲಿಲ್ಲ. ಕೊನೇ ದಿನ ಎದ್ದು 'ಇನ್ನು ನೀನೇ ಎದ್ದು ನಡಿ' ಅಂದ್ರು. ಆವತ್ತು ಬೈದ್ಕೊಂಡೆ. ಅವರಿಲ್ದಿದ್ರೆ ನಾನು ಇವತ್ತು ಇರ್ತಿರ್ಲಿಲ್ಲ ಕಣ್ರೀ."

ನಾನೂ ಬಾಯಿಬಿಟ್ಟೆ. ಹಡಗಿನ ಕೆಲಸ ಸಿಗದೆ ಅಲೆಯುತ್ತಿದ್ದ ಚಳಿಗಾಲದಲ್ಲಿ ನನ್ನ ಬಟ್ಟಲಿಗೆ ಕಾಫಿ ಸುರಿದು "ಕುಡಿದು ತೊಲಗು" ಅನ್ನುತ್ತಿದ್ದವಳು, ಪಕ್ಕದಲ್ಲಿ ಬೆಣ್ಣೆ ಹಚ್ಚಿದ ಬ್ರೆಡ್ಡನ್ನೂ ಇಡುತ್ತಿದ್ದಳು ಎಂದು ಹೇಳಿದೆ. ಅದನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಪಾದ್ರಿಯಮ್ಮ ಕಣ್ಣೊರೆಸಿಕೊಂಡು, "ನನ್ನ ಮೊದಲನೇ ಪ್ರವಚನ ಕೇಳಿ, 'ಉದ್ದ ಆಯ್ತು, ಆದ್ರೆ ಸುಳ್ಳಿರ್ಲಿಲ್ಲ' ಅಂದಿದ್ರು. ಬಿಷಪ್ ಹೊಗಳಿದ್ದು ಮರೆತಿದ್ದೀನಿ, ಅದನ್ನ ಮರೆತಿಲ್ಲ" ಎಂದಳು.

"ಬಾಯಿ ಮಾತ್ರ ಸ್ವಲ್ಪ..." ಎಂದ ಅಂಚಿನ ಮನೆಯವನು.

"ಬಾಯಿ ಇತ್ತು," ಎಂದು ಎಲ್ಲರೂ ಒಪ್ಪಿಕೊಂಡರು.

ಆಗ ಬಾಗಿಲು ತೆರೆಯಿತು. ಏಪ್ರನ್ ಕಟ್ಟಿಕೊಂಡು, ಹುಬ್ಬಿನವರೆಗೆ ಕೆನೆ ಮೆತ್ತಿಕೊಂಡು ಐನಾರ್ ನಿಂತಿದ್ದ. ಇಷ್ಟು ಜನ ಕಪ್ಪು ಬಟ್ಟೆಯಲ್ಲಿ, ಅದೂ ಯೂಟೆಯ ಜೊತೆಗೆ, ಒದ್ದೆ ಕಣ್ಣು ಮಾಡಿಕೊಂಡು ನಿಂತದ್ದನ್ನು ಕಂಡು ಅವನ ಮುಖ ಕೆನೆಗಿಂತ ಬೆಳ್ಳಗಾಯಿತು. ಲೋಪ್ಪೆಯ ಸಂಗತಿ ಊರಿಗೆಲ್ಲ ಗೊತ್ತಾಯಿತು ಎಂದುಕೊಂಡ.

"ಐನಾರ್," ಪಾದ್ರಿಯಮ್ಮ ಅವನ ಕೈ ಹಿಡಿದಳು. "ನಮಗೆಲ್ಲ ಗೊತ್ತಾಯ್ತು."

"ನನ್ನದೇ ತಪ್ಪು, ಪಾದ್ರಿಯಮ್ಮ. ದಿನಾ ಹದಿನಾಲ್ಕು ಕಿಲೋಮೀಟರ್ ಓಡಿಸ್ಬಾರ್ದಿತ್ತು."

ಪಾದ್ರಿಯಮ್ಮ ನಮ್ಮನ್ನು ನೋಡಿದಳು. ನಾವು ನೆಲ ನೋಡಿದೆವು.

"ಸೈಕಲ್‌ಗೆ ಕಟ್ಟಿ," ಎಂದ ಐನಾರ್. "ಬುಡದ ತನಕ ಸವೆದುಹೋಯ್ತು."

"ವಯಸ್ಸು, ಐನಾರ್," ಎಂದಳು ಪಾದ್ರಿಯಮ್ಮ ಅವನ ಕೈ ತಟ್ಟಿ. "ಎಲ್ಲರೂ ಸವೀತೀವಿ."

"ಇನ್ನು ಪೂರ್ತಿ ಹುಲ್ಲಿನ ಮೇಲೇ ಇಡ್ತೀನಿ."

"ಹುಲ್ಲಿನ ಕೆಳಗೆ," ಪಾದ್ರಿಯಮ್ಮ ಮೆಲ್ಲನೆ ತಿದ್ದಿದಳು.

"ನಿಮ್ಮ ಕಾಲಿಗೆ ಬೀಳ್ತೀನಿ, ಅತ್ತೆಗೆ ಮಾತ್ರ ಹೇಳ್ಬೇಡಿ."

ಗೆರ್ಡಾ ನನ್ನ ತೋಳು ಚಿವುಟಿದಳು. ಮನುಷ್ಯನ ತಲೆ ಕೆಟ್ಟಿದೆ ಎಂದು ಎಲ್ಲರಿಗೂ ಖಾತ್ರಿಯಾಯಿತು.

ಅದೇ ಹೊತ್ತಿಗೆ ಬಂದರಿಗೆ ಬರುತ್ತಿದ್ದ ಫೆರಿ ಹಡಗಿನ ಕಪ್ತಾನ ದಂಡೆಯ ಮೇಲಿನ ಅರ್ಧಕ್ಕಿಳಿದ ಹನ್ನೆರಡು ಬಾವುಟ ನೋಡಿ, ತನ್ನದನ್ನೂ ಇಳಿಸಿ, ನಲವತ್ತು ವರ್ಷ ಹಡಗಿನವರಿಗೆಲ್ಲ ಕಾಫಿ ಕೊಟ್ಟ ಅಜ್ಜಿಯೇ ಇರಬೇಕೆಂದು ಉದ್ದಕ್ಕೆ ಒಂದು ಕಹಳೆ ಊದಿಸಿದ.

ಲೋಪ್ಪೆ ಆ ಸದ್ದಿಗೆ ಚಿಮ್ಮಿತು. ಬಾವುಟ ಮೇಲಕ್ಕೆ ಹಾರಿ ರಾಟೆಗೆ ಬಡಿಯಿತು, ಕೊಕ್ಕೆ ಮುರಿಯಿತು, ಹಗ್ಗ ರಾಟೆಯಿಂದ ಪೂರ್ತಿ ಜಾರಿ ಬಂತು. ತೆರೆದ ಗೇಟಿನಿಂದ ಬಿಳಿಯ ಉಂಡೆಯೊಂದು ಹಗ್ಗದ ಸಮೇತ ಡಾಂಬರು ರಸ್ತೆಗೆ ನುಗ್ಗಿತು. ಬಾವುಟ ತೇಲುತ್ತಾ ಬಂದು, ನೆಲಕ್ಕೆ ತಾಗಬಾರದೆಂದು ಓಡಿಬಂದ ಪಾದ್ರಿಯಮ್ಮನ ತೋಳಿಗೆ ಬಿತ್ತು. ಹಗ್ಗ ನೋಡಿ, ನಾಯಿ ನೋಡಿ, ಕಂಬ ನೋಡಿ ನಾವೆಲ್ಲ ಬಾಯಿ ತೆರೆಯುವಷ್ಟರಲ್ಲಿ ಮಹಡಿಯ ಕಿಟಕಿಯಿಂದ ಒಂದು ದನಿ ಬಂತು.

"ಏನ್ ನೋಡ್ತಾ ನಿಂತಿದ್ದೀರಿ ಗೂಬೆಗಳ ಥರ? ನಾಯಿ ಡಾಂಬರಿನ ಮೇಲಿದೆ! ಎತ್ಕೊಳ್ರೋ ಅದನ್ನ!"

ಡಾಗ್ನಿ ಅಜ್ಜಿ. ತಲೆಗೆ ಬಾಚಣಿಗೆ ಸಿಕ್ಕಿಸಿಕೊಂಡು ಅರ್ಧ ಮೈ ಹೊರಗೆ ಚಾಚಿದ್ದಳು. ಅಂಚಿನ ಮನೆಯವನು ಅಲ್ಲಿಯೇ ಹುಲ್ಲಿನ ಮೇಲೆ ಕೂತ. ಉಳಿದವರು ಸತ್ತವಳ ಮಾತು ಮೀರುವುದು ಹೇಗೆಂದು ರಸ್ತೆಗೆ ಓಡಿದೆವು. ಕಪ್ಪು ಕೋಟಿನವರು ಅಟ್ಟಿಸಿದಷ್ಟೂ ಲೋಪ್ಪೆಗೆ ಆಟ. ಟಕಟಕ ಎಂದು ಉಗುರು ಡಾಂಬರಿಗೆ ಬಡಿಯುವ ಸದ್ದಿಗೆ ಐನಾರ್ ಕೆನ್ನೆಗೆ ಕೈ ಹಚ್ಚಿ ನಿಂತುಬಿಟ್ಟಿದ್ದ, ಅವನ ಕಣ್ಣಲ್ಲಿ ನೀರಿತ್ತು.

ಹಿಡಿದವಳು ಯೂಟೆ. ತನ್ನ ಕಪ್ಪು ಕೋಟು ಬಿಚ್ಚಿ ಡಾಂಬರಿನ ಮೇಲೆ ಹಾಸಿ, ಅದರ ಮೇಲೆ ಕೂತು, ತೊಡೆ ತಟ್ಟಿ ಕರೆದಳು. "ಬಾ ನನ್ನ ತೋಳವೇ, ಬಾ." ಲೋಪ್ಪೆ ಹಾರಿ ಮಡಿಲಿಗೆ ಬಿತ್ತು. ಯೂಟೆ ಕುತ್ತಿಗೆಯ ರೇಷ್ಮೆ ವಸ್ತ್ರ ಬಿಚ್ಚಿ ಅದರ ಹಿಂಗಾಲಿಗೆ ಸುತ್ತಿ, ಎತ್ತಿಕೊಂಡು ಬಂದು ಐನಾರನ ಕೈಗೆ ಕೊಟ್ಟಳು. "ಬುಡ ಸವೆದಿಲ್ಲ, ಚೂರು ತುದಿ ಮುರಿದಿದೆ ಅಷ್ಟೇ. ಮೊದಲೇ ನನ್ನ ಕೇಳಿದ್ರೆ ಹುಲ್ಲಲ್ಲಿ ಓಡಿಸೋಕೆ ನಮ್ಮ ಹಿತ್ತಲು ಕೊಡ್ತಿರ್ಲಿಲ್ವಾ ಮಾರಾಯ?"

ಐನಾರ್ ಏಪ್ರನ್ನಿನ ತುದಿಯಲ್ಲಿ ನಾಯಿಯನ್ನು ಸುತ್ತಿಕೊಂಡ.

ಅಜ್ಜಿ ನಮ್ಮನ್ನೆಲ್ಲ ಒಳಗೆ ಕರೆಸಿಕೊಂಡಳು. ಬಿಳಿಯ ನೆಲದ ಮೇಲೆ ಸಾಲಾಗಿ ನಿಂತೆವು. ಅಜ್ಜಿ ತನ್ನ ಕುರ್ಚಿಯಲ್ಲಿ ಕೂತು ಒಬ್ಬೊಬ್ಬರನ್ನೇ ನೋಡಿದಳು.

"ನಿದ್ದೆ ಬರ್ಲಿಲ್ಲ ನಂಗೆ. ಎಲ್ಲಾ ಕೇಳಿಸ್ಕೊಂಡೆ."

ಅಂಚಿನ ಮನೆಯವನು ಬಾಗಿಲ ಕಡೆ ಒಂದು ಹೆಜ್ಜೆ ಸರಿದ.

"ಕಾಲುಚೀಲದ್ದು ಕೇಳಿಸ್ಕೊಂಡೆ. ಬೆಣ್ಣೆ ಬ್ರೆಡ್ಡಿಂದೂ. ಇಷ್ಟು ವರ್ಷ ಇಟ್ಕೊಂಡು ಕೂತಿದ್ರಾ ಇದನ್ನ? ದಿನಾ ಎದುರಿಗೆ ಓಡಾಡ್ತಿದ್ದೆನಲ್ಲ, ಒಬ್ಬರಾದ್ರೂ..." ಅಜ್ಜಿಯ ದನಿ ಅಲ್ಲಿಗೆ ನಿಂತಿತು. ಡಾಗ್ನಿಯ ಮಾತು ನಡುವೆ ನಿಂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. "ತೊಂಬತ್ತು ವರ್ಷ ಬೇಕಾಯ್ತು, ಒಂದು ನಾಯಿ ಬೇಕಾಯ್ತು."

ಆ ಹೊತ್ತಿಗೆ ಐನಾರನ ತೋಳಿನಲ್ಲಿ ಲೋಪ್ಪೆ ಮಿಸುಕಿತು, ರೇಷ್ಮೆ ವಸ್ತ್ರ ಸಡಿಲಾಯಿತು. ಅಜ್ಜಿಯ ಕುರ್ಚಿಯ ಮುಂದೆ, ಅರವತ್ತು ವರ್ಷ ಉಜ್ಜಿದ ಹಲಗೆಯ ಮೇಲೆ, ಒಂದು ಹನಿ ಬಿತ್ತು. ದುಂಡಗೆ, ಕೆಂಪಗೆ. ಎಲ್ಲರೂ ನೋಡಿದೆವು. ಬಿರ್ಟೆ ಕಾಫಿಯ ಹೂಜಿ ಹಿಡಿದು ನಿಂತಲ್ಲೇ ನಿಂತಳು. ಐನಾರ್ ಕಣ್ಣು ಮುಚ್ಚಿ ನಾಯಿಯನ್ನು ಎದೆಗೆ ಒತ್ತಿಕೊಂಡ.

ಅಜ್ಜಿ ಬಾಗಿ ಆ ಹನಿಯನ್ನು ನೋಡಿದಳು. ಆಮೇಲೆ ಚಪ್ಪಲಿಯ ಕಾಲನ್ನು ಮೆಲ್ಲಗೆ ಮುಂದಕ್ಕೆ ಸರಿಸಿ ಅದರ ಮೇಲಿಟ್ಟಳು.

"ಬಿರ್ಟೆ, ಏನ್ ಹಂಗೆ ನಿಂತಿದ್ದೀಯ? ಕಾಫಿ ಬಗ್ಗಿಸು," ಎಂದಳು.

ಮೂರು ಗಂಟೆಯ ಕಾಲ ನಾವು ಕೇಕು ತಿಂದೆವು, ಹಾಡಿದೆವು, ಜಗಳವಾಡಿದೆವು. ಅಷ್ಟು ಹೊತ್ತೂ ಡಾಗ್ನಿ ಅಜ್ಜಿ ಆ ಕಾಲನ್ನು ಅಲ್ಲಿಂದ ಎತ್ತಲಿಲ್ಲ.